ಆ ನಂಬರಿಗೆ ಸೇರಿದ ಖಾತೆಗಳು

ಯಾರಿಗೂ ಹೇಳಲ್ಲ ಚಿಕ್ಕಮ್ಮ, ನಿನ್ನಾಣೆ, ಎಂದು ಪುಷ್ಪ ಮಾತು ಕೊಟ್ಟದ್ದು ಇದೇ ಉರಿಗಾಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ, ಆಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು, ಈಗ ಆ ಬೆಂಚು ಕಿಟಕಿಯಾಚೆ ಹಿಂದಕ್ಕೆ ಸರಿಯುತ್ತಿದೆ, ಯಾರೋ ಅದರ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಾರೆ, ರೈಲು ಬಂಗಾರಪೇಟೆಯ ಕಡೆ ತೆವಳುತ್ತಿದೆ, ಮಗಳಿಗೆ ಇವತ್ತೂ ಒಂದೇ ಜಡೆ, ಎರಡು ಹೆಣೆಯುವಷ್ಟು ಹೊತ್ತು ಎಲ್ಲಿಂದ ತರುವುದು — ಯಾರ್ಗೂ ಏಳ್ಬ್ಯಾಡ ಕಣೇ, ನಿಮ್ಮಮ್ಮನ್ಗೂ ಏಳ್ಬ್ಯಾಡ, ಅಂದಿದ್ದಳು ರಾಧ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ, ನಿಮ್ ಚಿಕ್ಕಪ್ಪನ್ ಕಿವಿಗೆ ಬಿತ್ತೋ ಮುಗೀತು, ಆವಯ್ಯನ ಕೈಗೆ ದುಡ್ಡು ಕೊಡೋದೂ ಒಂದೇ ಜರಡೀಗೆ ನೀರು ಉಯ್ಯೋದೂ ಒಂದೇ, ನಂಗೆ ನನ್ನೆಸರಲ್ಲಿ ಒಂದು ಅಸು ಬೇಕು, ಆಲು ಆಕೋವಾಗ ಡೈರೀಲಿ ರಾಧ ಅಂತ ಕೂಗ್ಬೇಕು, ಚಲಪತಿ ಎಂಡ್ತಿ ಅಂತಲ್ಲ. ಹೂ ಕಟ್ಟಿ ಉಳಿಸಿದ್ದು, ಬೆರಣಿ ಮಾರಿ ಉಳಿಸಿದ್ದು, ಎಲ್ಲ ಸೆರಗಿನ ಗಂಟಿನಲ್ಲಿ. ಅದನ್ನು ಪತ್ತಿನ ಸಂಘದಲ್ಲಿ ಇಡಲು ಜೊತೆಗೆ ಹೋದವಳು ಪುಷ್ಪಳೇ, ಫೋನ್ ನಂಬರ್ ಏಳಮ್ಮಾ ಎಂದು ಗುಮಾಸ್ತ ಕೇಳಿದಾಗ ಹೇಳಿದವಳೂ ಅವಳೇ, ಮನೆಗೆ ಇದ್ದದ್ದು ಒಂದೇ ಫೋನು, ಚಿಕ್ಕಪ್ಪನ ಜೇಬಿನದು, ಅದರಿಂದ ಏನಾದೀತು, ಆಗ ಫೋನುಗಳು ತಾವಾಗಿ ಬಾಯಿ ಬಿಡುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಮೆಸೇಜು ಬಂದರೆ ಆ ಮನೆಯಲ್ಲಿ ಓದುವವರೂ ಇರಲಿಲ್ಲ.

ಈಗ ಬಾಯಿ ಬಿಡುತ್ತವೆ, ಬಿಡಿಸಿದವಳೂ ತಾನೇ, ಎರಡು ವರ್ಷದಿಂದ ಅದೇ ಕೆಲಸ, ಬಂಗಾರಪೇಟೆಯ ಬಟ್ಟೆ ಅಂಗಡಿ ಮೇಲಿನ ಆ ಕೋಣೆಯಲ್ಲಿ — ಸಂಘಕ್ಕೆ ಫೋನ್ ಮಾಡಿದರೆ ಏಜೆಂಟು ಉತ್ತರ ಕೊಡುತ್ತದೆ, ಮನುಷ್ಯನಲ್ಲ, ಮಿಷಿನ್ನು, ಅದರ ಕೈಗೆ ಟೂಲುಗಳನ್ನು ಕೊಟ್ಟಿರುತ್ತಾರೆ, ಒಂದು ಖಾತೆ ಹುಡುಕುವುದಕ್ಕೆ, ಒಂದು ಬಡ್ಡಿ ನೋಡುವುದಕ್ಕೆ, ಯಾವುದು ಏನು ತರುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಒಂದೊಂದಕ್ಕೂ ನಾಲ್ಕು ಸಾಲು ಬರೆದಿಡಬೇಕು, ಮಿಷಿನ್ನು ಆ ಸಾಲುಗಳನ್ನೇ ನಂಬಿ ನಡೆಯುತ್ತದೆ. ಹೊಸಾ ಸೊಸೆಗೆ ಅಡುಗೆಮನೆ ತೋರಿಸ್ದಂಗೆ ಬರೀರಿ ಮೇಡಂ ಅನ್ನುತ್ತಾನೆ ಆಫೀಸಿನ ವಿಜಯಕುಮಾರ್, ಯಾವ ಡಬ್ಬದಲ್ಲಿ ಉಪ್ಪು, ಯಾವುದರಲ್ಲಿ ಸೋಡಾ, ಊಹೆ ಮಾಡೋಕ್ ಬಿಡ್ಬೇಡಿ ಅದಕ್ಕೆ. ಹಾಗೇ ಬರೆದಳಲ್ಲ, ಈ ಟೂಲು ಕರೆ ಬಂದ ನಂಬರಿಗೆ ಸೇರಿದ ಖಾತೆಗಳನ್ನೆಲ್ಲ ತರುತ್ತದೆ, ಎಷ್ಟು ಸ್ಪಷ್ಟ, ವಿಜಯಕುಮಾರ್ ಮೆಚ್ಚಿದ. ಆದರೆ ಹೊಸ ಸೊಸೆಗೆ ಡಬ್ಬಗಳನ್ನಷ್ಟೇ ತೋರಿಸಿ ಯಾರು ಬಿಡುತ್ತಾರೆ, ಮಾವನ ಮುಂದೆ ಯಾವ ಮಾತು ಎತ್ತಬಾರದು ಅನ್ನುವುದನ್ನೂ ಕಿವಿಯಲ್ಲಿ ಹೇಳುತ್ತಾರೆ, ಅದನ್ನೇ ಅಲ್ಲವೇ ಮೊದಲು ಹೇಳುವುದು. ಮೊದಲ ಕರಡಿನಲ್ಲಿ ಇತ್ತು ಅದು, ಇತ್ತು, ಒಂದೇ ನಂಬರು ಮನೆಯ ಹಲವರದ್ದಾಗಿರಬಹುದು, ಮಾತಾಡುತ್ತಿರುವವರು ಯಾರೆಂದು ಖಚಿತ ಮಾಡಿಕೊ, ಅವರ ಖಾತೆಯನ್ನಷ್ಟೇ ಹೇಳು — ಅಳಿಸಿದಳು. ಪರೀಕ್ಷೆಗೆ ಕೊಟ್ಟಿದ್ದ ಉದಾಹರಣೆಗಳಲ್ಲಿ ಎಲ್ಲರಿಗೂ ಅವರವರ ಫೋನಿತ್ತು, ಸಾಲು ಉದ್ದವಾಯಿತು ಅನ್ನಿಸಿತು, ರೈಲಿಗೆ ಹೊತ್ತಾಗಿತ್ತು, ಮಗಳಿಗೆ ಜ್ವರ, ನಾಳೆ ನೋಡಿಕೊಂಡರಾಯಿತು ಅಂದುಕೊಂಡಳು, ಯಾರೂ ಅಳಿಸು ಅನ್ನಲಿಲ್ಲ, ಯಾರ ಮೇಲೆ ಹಾಕುವುದು.

ಕೋರಮಂಡಲ್ ದಾಟಿ ಎಷ್ಟೋ ಹೊತ್ತಾಗಿದೆ, ಹೊರಗೆ ರಾಗಿ ಹೊಲ, ಒಂದು ಹಸು ಹಳಿಯತ್ತ ನೋಡುತ್ತ ನಿಂತಿದೆ, ಅತ್ತ ನೋಡುವುದು ಬೇಡ — ಭಾನುವಾರ ಚಲಪತಿ ಚಿಕ್ಕಪ್ಪ ಸಂಘಕ್ಕೆ ಫೋನ್ ಮಾಡಿದನಂತೆ, ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಕ್ಕಿ ಡಬ್ಬದ ಮೇಲೆ ಮಾತ್ರ, ಅಲ್ಲಿಟ್ಟು ಸ್ಪೀಕರ್ ಹಾಕಿ, ಏನವ್ವಾ ನಮ್ ದುಡ್ಡು ಬಂತಾ ಅಂದ, ಅದು ಹೇಳಿತು, ಈ ನಂಬರಿಗೆ ಎರಡು ಖಾತೆಗಳಿವೆ ಸರ್, ಒಂದು ಚಲಪತಿ ಅವರದು, ಇನ್ನೊಂದು ರಾಧ ಅವರದು, ಅಕ್ಕಿ ಡಬ್ಬದ ಮೇಲೆ ಫೋನು, ಒಲೆಯ ಮುಂದೆ ಚಿಕ್ಕಮ್ಮ. ಬೈಯಲಿಲ್ಲ ಕಣೇ, ನಕ್ಕ, ಎಂದಳು ಚಿಕ್ಕಮ್ಮ ನಿನ್ನೆ, ಪಕ್ಕದ ಮನೆಯವರ ಫೋನಿನಿಂದ, ಎಂಥಾ ಕಳ್ಳೀನೇ ನೀನು, ನನ್ ಮನೇಲೇ ಬ್ಯಾಂಕ್ ಮಡಗಿದೀಯಲ್ಲಾ ಅಂದ, ಬೆಳಿಗ್ಗೇನೇ ಕರ್ಕೊಂಡೋಗಿ ಎಲ್ಲಾ ತೆಗೆಸ್ದ, ಖಾತೇನೂ ಮುಚ್ಚಿಸ್ದ, ನಾನೇ ಸೈನ್ ಆಕ್ದೆ, ಅವನ ತಮ್ಮ ಸುಧಾಕರನ್ ಟೆಂಪೋಗಂತೆ. ಪುಷ್ಪ ಫೋನನ್ನು ಕಿವಿಗೆ ಒತ್ತಿಕೊಂಡಳು. ಆದ್ರೂ ಆ ಮಿಷಿನ್ನು ಎಂಗೆ ಮರ್ವಾದೆ ಕೊಡ್ತದೆ ಗೊತ್ತಾ, ರಾಧ ಅವರದು ಅಂತು, ಈ ಮನೇಲಿ ನನ್ನ ಅವರು ಅಂದಿದ್ದು ಅದೊಂದೇ, ಎಂದು ನಕ್ಕಳು, ಆಮೇಲೆ ನಗಲಿಲ್ಲ. ನೀನೇನ್ ಯಾರ್ಗೂ ಏಳ್ಲಿಲ್ವಲ್ಲ, ಇಷ್ಟ್ ವರ್ಸ ಬಾಯಿ ಕಟ್ಕೊಂಡಿದ್ದೆ ತಾಯಿ. ಆಗ ಹೇಳಬೇಕಿತ್ತು, ಚಿಕ್ಕಮ್ಮ ಅದು ನಾನೇ ಅನ್ನಬೇಕಿತ್ತು, ಮಗಳು ಊಟಕ್ಕೆ ಕೂಗಿದಳು, ಬತ್ತೀನಿ ಇರೇ ಅಂದಳು, ಅಷ್ಟರಲ್ಲಿ ಫೋನಿನ ಒಡತಿ ಬಂದು ಕೇಳಿದಳೋ ಏನೋ, ಮಡಗ್ತೀನಿ ಕಣೇ ಅಂದುಬಿಟ್ಟಳು ಚಿಕ್ಕಮ್ಮ.

ಬಂಗಾರಪೇಟೆ, ಮೆಟ್ಟಿಲು, ಬಟ್ಟೆಯ ವಾಸನೆ, ಕುರ್ಚಿ, ಬ್ಯಾಗನ್ನೂ ಇಳಿಸದೆ ಆ ಸಾಲನ್ನು ಮತ್ತೆ ಬರೆಯುತ್ತಾಳೆ, ಒಂದೇ ನಂಬರು ಮನೆಯ ಹಲವರದ್ದಾಗಿರಬಹುದು, ಬೇರೆಯವರ ಖಾತೆ ಇದೆ ಎಂಬುದನ್ನೂ ಹೇಳಬೇಡ, ಈಗ ಸರ್ಯಾಯ್ತು ನೋಡಿ ಮೇಡಂ, ಎಂಥಾ ಪಾಯಿಂಟು ಹಿಡಿದ್ರಿ, ಅನ್ನುತ್ತಾನೆ ವಿಜಯಕುಮಾರ್ ಹೆಗಲ ಹಿಂದಿನಿಂದ, ಪರೀಕ್ಷೆಗೆ ಅವಳು ಆ ಮನೆಯ ನಂಬರನ್ನೇ ಕೊಡುತ್ತಾಳೆ, ಬೇಡವೆಂದರೂ ಬೆರಳು ಅದನ್ನೇ ಒತ್ತುತ್ತದೆ, ತಾವು ಯಾರು ಮಾತಾಡುತ್ತಿರುವುದು ಎಂದು ಕೇಳುತ್ತದೆ ಮಿಷಿನ್ನು, ರಾಧ ಎನ್ನುತ್ತಾಳೆ, ಕ್ಷಮಿಸಿ, ಆ ಹೆಸರಿನ ಖಾತೆ ಸಿಗುತ್ತಿಲ್ಲ, ಎಷ್ಟು ಮರ್ಯಾದೆ, ಎಷ್ಟು ಸ್ಪಷ್ಟ — ಅಕ್ಕಿ ಡಬ್ಬದ ಮೇಲೆ ಫೋನು, ಸ್ಪೀಕರ್ ಹಾಕಿದೆ, ಚಿಕ್ಕಮ್ಮ ಬೆನ್ನು ಮಾಡಿ ಕೂತಿದ್ದಾಳೆ, ಊದುಕೊಳವೆ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿದೆ, ಊದುತ್ತಿಲ್ಲ, ಅಕ್ಕಿ ಡಬ್ಬದ ಮೇಲೆ ಫೋನು.

ಯಾರಿಗೂ ಹೇಳುವುದಿಲ್ಲ ಎಂದಿದ್ದಳು ಪುಷ್ಪ. ಹೇಳಿದಳು.