ಕಲ್ಲುಗಿಡದ ಮಾವ

ನನ್ನ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಕುಶಲ ವಿಚಾರಿಸುತ್ತಿದ್ದುದು ಹೂಕುಂಡದ ಮಣ್ಣನ್ನು. ಮನೆಯವರು ‘ಬನ್ನಿ, ಕೂತ್ಕೊಳ್ಳಿ’ ಎನ್ನುವಷ್ಟರಲ್ಲಿ ಅವರ ತೋರುಬೆರಳು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿದಿರುತ್ತಿತ್ತು. ಕಣ್ಣು ಅರೆಮುಚ್ಚಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ ಕ್ಷಣಕಾಲ ನಿಂತು, “ಇನ್ನೂ ಸ್ವಲ್ಪ ಕಾಯೋಣ” ಎನ್ನುತ್ತಿದ್ದರು. ಮದುವೆಯ ಮಾತುಕತೆಯಿರಲಿ, ಮಗುವಿನ ಜ್ವರವಿರಲಿ, ಅವರ ಅಭಿಪ್ರಾಯ ಇದೊಂದೇ. ಅವರ ಒಬ್ಬಳೇ ತಂಗಿಯಾದ ನನ್ನ ಅಮ್ಮ, “ಇವನನ್ನ ನಂಬ್ಕೊಂಡ್ರೆ ಮನೆಗೆ ಬೆಂಕಿ ಬಿದ್ದಾಗ್ಲೂ ಕಾಯ್ತಾ ಕೂತಿರ್ಬೇಕು” ಎಂದು ರೇಗುತ್ತಿದ್ದಳು. ಮಕ್ಕಳಾದ ನಾವು ಅವರಿಗೆ ಒಣಮಾವ ಎಂದೇ ಹೆಸರಿಟ್ಟಿದ್ದೆವು.

ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಕಟ್ಟಡದ ಹಿಂದಿದ್ದ ಗಾಜಿನ ಮನೆ ಅವರ ಸಾಮ್ರಾಜ್ಯ. ನಡುಗೋಡೆಯ ಒಂದು ಬದಿಗೆ ಹಸಿಕೋಣೆ, ಇನ್ನೊಂದು ಬದಿಗೆ ಒಣಕೋಣೆ. ಹಸಿಕೋಣೆಯ ಹಾಸುಗಲ್ಲು ಸದಾ ಜಾರುತ್ತಿದ್ದುದರಿಂದಲೋ ಏನೋ, ಬಯಲಿನಲ್ಲೂ ಪಾದವನ್ನು ಮೆಲ್ಲಗೆ ಊರಿ, ನೆಲದ ಒಪ್ಪಿಗೆ ಕೇಳಿ ಮುಂದಿನ ಹೆಜ್ಜೆಯಿಡುವ ನಡಿಗೆ ಅವರದು. ಆ ಕೋಣೆಯಲ್ಲಿ ಮಂಜುಗಟ್ಟಿದ ಕನ್ನಡಕವನ್ನು ಅವರು ಒರೆಸುತ್ತಿರಲಿಲ್ಲ. ಒಣಕೋಣೆಗೆ ಬಂದು ನಿಂತರೆ ತಾನೇ ತಿಳಿಯಾಗುತ್ತದೆಂದು ಕುರುಡರಂತೆ ಬಾಗಿಲು ತಡವುತ್ತ ಬರುತ್ತಿದ್ದರು. ಜೇಬುಗಳು ಜೋತುಬಿದ್ದ ಬೂದುಬಣ್ಣದ ಕೋಟಿನಲ್ಲಿ ಕುಂಚ, ಚಿಮಟ, ಎಂದೋ ಮರೆತ ಬಿಸ್ಕತ್ತು.

ಒಮ್ಮೆ ತಾವರೆಯ ದಂಟನ್ನು ಕತ್ತರಿಸಿ, ಒಂದು ತುದಿ ಬಕೆಟ್ಟಿನ ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಊದಿ ತೋರಿಸಿದರು. ಗುಳುಗುಳು ಗುಳ್ಳೆಗಳೆದ್ದವು. ನೀರಿನಲ್ಲಿ ಬದುಕುವ ಗಿಡಕ್ಕೆ ಬಾಯಾರಿಕೆಯ ಭಯವಿಲ್ಲ, ಉಸಿರಿನದೇ ಚಿಂತೆ. ಆದ್ದರಿಂದ ಅದು ಮೈತುಂಬ ಗಾಳಿಯ ಕೊಳವೆಗಳನ್ನು ಇಟ್ಟುಕೊಂಡಿದೆ. ಒಣಕೋಣೆಯವುಗಳ ಸಂಸಾರವೇ ಬೇರೆ. ಎಲೆಯನ್ನು ಮುಳ್ಳಾಗಿಸಿ, ಎಲೆಯ ಕೆಲಸವನ್ನು ಕಾಂಡಕ್ಕೆ ವಹಿಸಿ, ಬಿಸಿಲಿರುವಷ್ಟು ಹೊತ್ತೂ ಬಾಯಿ ಬಿಗಿಹಿಡಿದು ಕೂತಿರುವ ಮಿತವ್ಯಯಿಗಳು. ಸಿನಿಮಾದ ಮೊದಲ ಹಾಡಿಗೇ ಕಣ್ಣೊರೆಸಿಕೊಳ್ಳುವ ಅಮ್ಮನಿಗೆ ಮಾವ, “ನೀನು ಹಸಿಕೋಣೆಯವಳು ಪುಟ್ಟಿ” ಎಂದು ಕಿಚಾಯಿಸುತ್ತಿದ್ದರು.

ಒಂದು ವರ್ಷ ಕಾಲೇಜಿಗೆ ಹಳೆಯ ಕುರ್ಚಿಗಳನ್ನಿಡಲು ಜಾಗ ಬೇಕಾಯಿತು. ಒಂದು ಕೋಣೆ ಬಿಟ್ಟುಕೊಡಿ, ಯಾವುದೆಂದು ನೀವೇ ಹೇಳಿ ಎಂದರು ಪ್ರಿನ್ಸಿಪಾಲರು. ಒಣಕೋಣೆಯೆಂದರೆ ಮಾವನಿಗೆ ಪ್ರಾಣ. ಅದನ್ನೇ ಬಿಟ್ಟುಕೊಟ್ಟರು. “ಹಸಿಕೋಣೆಯವು ಜಾಗ ಬದಲಾದ್ರೆ ಸಾಯ್ತವೆ. ಇವು ತಡ್ಕೊಳ್ತವೆ” ಎಂದರಂತೆ. ಮುಂದೆ ಎಂದಾದರೂ ಕೋಣೆ ಮರಳಿ ಸಿಕ್ಕೇ ಸಿಗುತ್ತದೆಂಬ ನಂಬಿಕೆಯಲ್ಲಿ, ಕುಂಡಗಳನ್ನು ಬಂಧುಮಿತ್ರರ ಕಿಟಕಿಗಳಿಗೆ ಹಂಚಿದರು. ಷರತ್ತು ಒಂದೇ: ನಾನು ಹೇಳುವವರೆಗೆ ನೀರು ಹಾಕಕೂಡದು. ಭಾನುವಾರಗಳಂದು ಮನೆಮನೆಗೆ ಬಂದು ಬೆರಳಿಳಿಸಿ ನೋಡುತ್ತಿದ್ದರು. ಗಿಡದ ನೆಪದಲ್ಲಿ ನಮ್ಮನ್ನೂ ನೋಡಿದಂತಾಗುತ್ತಿತ್ತು. ಆ ಭಾನುವಾರಗಳು ನನಗೆ ಇಂದಿಗೂ ಬೇಕೆನಿಸುತ್ತವೆ.

ನಮ್ಮ ಪಾಲಿಗೆ ಬಂದದ್ದು ಕಲ್ಲುಗಿಡ. ಬೆಣಚುಕಲ್ಲುಗಳ ನಡುವೆ ಇನ್ನೊಂದು ಕಲ್ಲಿನಂತೆ ಕೂತಿರುವ ಎರಡೇ ದಪ್ಪ ಎಲೆ. ಅದು ಹೂವಾದಾಗ ಮಾವ, ಕಾಲೇಜಿನ ಗುಮಾಸ್ತರ ಮನೆಯಲ್ಲಿದ್ದ ಅದರ ಜೋಡಿಯಿಂದ ಕುಂಚದ ತುದಿಯಲ್ಲಿ ಪರಾಗ ತಂದು ಮುಟ್ಟಿಸಿದರು. ಆಮೇಲೆ ಗುಮಾಸ್ತರ ಮನೆಯದು ನೀರು ಕುಡಿದು ಸತ್ತಿತು. ಉಳಿದದ್ದು ನಮ್ಮದೊಂದೇ.

ಅದು ಸುಕ್ಕುಗಟ್ಟತೊಡಗಿತು. ವಾರ ವಾರಕ್ಕೆ ಬತ್ತಿತು. ಹಸಿದವರನ್ನು, ಬಾಯಾರಿದವರನ್ನು ಕಂಡರೆ ಕರುಳು ಚುರುಕ್ಕೆನ್ನುವ ಅಮ್ಮ ತಡೆಯದಾದಳು. ಬಾಡಿದ ಹೂವೆಂದು ಗಿಡದ ನೆತ್ತಿಯ ಮೇಲಿದ್ದುದನ್ನು ಕಿತ್ತು ಕಿಟಕಿಯ ಕಟ್ಟೆಗಿಟ್ಟು, ಯಾರಿಗೂ ಹೇಳದೆ ದಿನಾ ಒಂದೊಂದು ಲೋಟ ನೀರು ಹಾಕಿದಳು. ಗಿಡ ಉಬ್ಬಿತು, ಬಿರಿಯಿತು, ಕೊಳೆಯಿತು.

ಭಾನುವಾರ ಮಾವನ ಬೆರಳು ಮಣ್ಣಿನಲ್ಲೇ ನಿಂತಿತು.

“ನೀರು ಹಾಕ್ದೆಯಾ?”

“ಮುದುಡಿ ಹೋಗಿತ್ತಲ್ಲಣ್ಣ. ನೋಡೋಕಾಗ್ಲಿಲ್ಲ.”

“ಅದು ಸಾಯ್ತಿರ್ಲಿಲ್ಲ ಪುಟ್ಟಿ. ಕೊಡ್ತಿತ್ತು.”

ಹಳೆಯ ಎಲೆಗಳ ಒಡಲಲ್ಲಿ ಹೊಸ ಜೋಡಿ ಬೆಳೆಯುತ್ತದಂತೆ. ಹೊರಗಿನಿಂದ ಹನಿಯೂ ಬಾರದ ಕಾಲದಲ್ಲಿ ಹಳೆಯವು ತಮ್ಮ ನೀರನ್ನೆಲ್ಲ ಅದಕ್ಕೆ ಧಾರೆಯೆರೆದು ಸಿಪ್ಪೆಯಾಗುತ್ತವಂತೆ. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಮಾವನ ಕಣ್ಣು ಕಿಟಕಿಯ ಕಟ್ಟೆಯ ಮೇಲಿತ್ತು. ಅಮ್ಮ ಬಾಡಿದ ಹೂವೆಂದು ಕಿತ್ತಿಟ್ಟಿದ್ದ, ಕಡಲೆಕಾಳಿನಷ್ಟು ದೊಡ್ಡ ಒಣಗಂಟನ್ನು ಚಿಮಟದಲ್ಲೆತ್ತಿ ತಟ್ಟೆಗಿಟ್ಟು, “ಈಗ ಹಾಕು ನೀರು” ಎಂದರು.

“ನಾನಾ? ಬೇಡಪ್ಪಾ.”

“ನೀನೇ ಹಾಕು.”

ಬೆರಳ ತುದಿಯಿಂದ ಅಮ್ಮ ಹನಿ ಉದುರಿಸಿದಳು. ನಾವೆಲ್ಲ ತಟ್ಟೆಯ ಮೇಲೆ ಬಗ್ಗಿದೆವು. ಆ ಒಣಗಂಟು ಮೆಲ್ಲಗೆ ನಕ್ಷತ್ರದಂತೆ ಬಿಚ್ಚಿಕೊಂಡಿತು. ಒಳಗೆ ರವೆಗಿಂತ ಸಣ್ಣ ಬೀಜಗಳು. ಮಳೆ ಬಿದ್ದದ್ದು ಖಾತ್ರಿಯಾಗುವವರೆಗೆ ಅದು ಬಾಗಿಲು ತೆರೆಯುವುದಿಲ್ಲವಂತೆ. “ನಿನ್ನ ನೀರು ಕೆಟ್ಟದ್ದಲ್ಲ, ಸ್ವಲ್ಪ ಅವಸರದ್ದು” ಎಂದು ಮಾವ ತಂಗಿಯ ನೆತ್ತಿಯ ಮೇಲೆ ಮಣ್ಣಿನ ಕೈಯಿಟ್ಟರು. ಅವರು ಹಾಗೆ ಅಕ್ಕರೆ ತೋರಿಸಿದ್ದನ್ನು ನಾನು ಕಂಡದ್ದು ಆಗ ಮಾತ್ರ.

ಬಹಳ ವರ್ಷಗಳ ನಂತರ ಕುರ್ಚಿಗಳು ಹೊರಗೆ ಹೋಗಿ ಒಣಕೋಣೆ ಮತ್ತೆ ತೆರೆಯಿತು. ನಾನೂ ಅಮ್ಮನೂ ನೋಡಲು ಹೋದೆವು. ಬಾಗಿಲಿನ ಪಕ್ಕದ ತಟ್ಟೆಯ ತುಂಬ ಅಮ್ಮನ ಹನಿಗೆ ಹುಟ್ಟಿದ ಕಲ್ಲುಗಿಡಗಳು. ಅಷ್ಟರಲ್ಲಿ ನಿವೃತ್ತರಾಗಿದ್ದ ಮಾವ ಗಾಜಿನಾಚೆ ಹೊಸ ಮೇಷ್ಟ್ರ ಕೈ ಹಿಡಿದು, ಅವರ ಬೆರಳನ್ನು ಮಣ್ಣಿಗಿಳಿಸಿ, ಜನ್ಮವಿಡೀ ಕೂಡಿಟ್ಟ ಮಾತನ್ನೆಲ್ಲ ಆಡುತ್ತಿದ್ದರು. ಕೋಟು ಮೈಮೇಲೆ ನೇತಾಡುತ್ತಿತ್ತು. ನನಗೆ ಸಂಕಟವಾಯಿತು. “ಎಷ್ಟು ಬತ್ತಿ ಹೋಗಿದ್ದಾರಮ್ಮ! ಸಾಕು ಅಂತ ಮನೆಗೆ ಕರ್ಕೊಂಡು ಹೋಗೋಣ” ಎಂದೆ. ಅಮ್ಮ ಬಾಗಿಲ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡಳು.

“ಇನ್ನೂ ಸ್ವಲ್ಪ ಕಾಯೋಣ” ಎಂದಳು.

ಇಂಥವರು ಎಲ್ಲ ಕುಟುಂಬಗಳಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಪ್ರೀತಿ ತುಳುಕುವುದಿಲ್ಲ, ಹೊರಗೆ ಒದ್ದೆಯಾಗಿಯೂ ಕಾಣುವುದಿಲ್ಲ. ಒಣ ಮನುಷ್ಯರೆಂದು ನಾವು ನಕ್ಕು ಸುಮ್ಮನಾಗುತ್ತೇವೆ. ಅವರು ಸುಕ್ಕಾದಾಗ ಅಯ್ಯೋ ಎನ್ನುತ್ತೇವೆ. ಆ ನೀರೆಲ್ಲ ಎಲ್ಲಿ ಹೋಯಿತೆಂಬುದು, ನಮ್ಮ ಬರಗಾಲದಲ್ಲಿ ನಾವು ಬಾಡದೆ ಉಳಿದಾಗಲಷ್ಟೇ ಗೊತ್ತಾಗುತ್ತದೆ.