ಹನ್ನೊಂದು ಮಕ್ಕಳಿಲ್ಲದ ಪಾಠ

ಜೀವವಿಕಾಸದ ಪಾಠ ತಮ್ಮ ನಂಬಿಕೆಗೆ ವಿರುದ್ಧವಾಗಿದೆ, ಅದನ್ನು ಕೈಬಿಡಬೇಕು ಎಂದು ಕೆಲವು ಪೋಷಕರು ಸರ್ಕಾರಿ ಶಾಲೆಗೆ ಅರ್ಜಿ ಕೊಟ್ಟರು. ಮೊದಲ ಸಹಿಯೇ ವಿಜ್ಞಾನದ ಟೀಚರ್‌ನ ಒಡಹುಟ್ಟಿದ ಅಕ್ಕನದು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿದವಳೂ ಅವಳೇ. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸ್. ದೇವರಿಗೆ ಕೈಮುಗಿಯದೆ ಒಂದು ದಿನವೂ ಕೆಲಸಕ್ಕೆ ಹೊರಟವಳಲ್ಲ. ಅವಳ ಮಗಳು ತಂಗಿ ಪಾಠ ಮಾಡುವ ತರಗತಿಯಲ್ಲೇ ಇದ್ದಳು. ಮೂವರದೂ ಒಂದೇ ಮನೆ.

ಹೆಡ್‌ಮಾಸ್ಟರ್ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಪಾಠ ನಡೆಯಲಿ, ಬೇಡ ಎಂದವರ ಮಕ್ಕಳು ಆ ಹೊತ್ತಿಗೆ ಲೈಬ್ರರಿಯಲ್ಲಿ ಕೂರಲಿ ಎಂದು ಹನ್ನೊಂದು ಹೆಸರಿನ ಪಟ್ಟಿ ಕೊಟ್ಟರು. ಓದಿ ಹೊರಗೆ ಕಳಿಸುವ ಕೆಲಸ ಟೀಚರ್ ಪಾಲಿಗೇ ಬಂತು. ನಾಲ್ಕನೆಯ ಹೆಸರನ್ನೂ ಅವಳು ಉಳಿದವುಗಳಂತೆಯೇ ಓದಿದಳು. ಅಕ್ಕನ ಮಗಳು ಚಿಕ್ಕಮ್ಮನ ಮುಖ ನೋಡದೆ ಚೀಲ ಎತ್ತಿಕೊಂಡು ಹೋದಳು.

ಮನೆಯಲ್ಲಿ ಅಕ್ಕತಂಗಿಯರ ನಡುವೆ ಎರಡು ವಾರ ‘ಬೇಕು’, ‘ಬೇಡ’ ಎನ್ನುವಷ್ಟೇ ಮಾತು. ಆ ಪಾಠಕ್ಕೆ ಪರೀಕ್ಷೆಯಲ್ಲಿ ಐದು ಅಂಕವಿದೆ ಎಂದು ಗೊತ್ತಾದ ಸಂಜೆ ಅಕ್ಕನೇ ಬಾಯಿಬಿಟ್ಟಳು.

“ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಇವಳಿಗೆ ಹೇಳಿಕೊಡು. ನಂಬು ಅಂತ ಮಾತ್ರ ಹೇಳ್ಬೇಡ.”

“ನಾನು ಯಾರಿಗೂ ನಂಬು ಅಂದಿಲ್ಲ ಅಕ್ಕ. ನೋಡು ಅಂದಿದೀನಿ, ಅಷ್ಟೇ.”

ಅಡುಗೆಮನೆಯ ಮೇಜಿನ ಮೇಲೆ ತಂಗಿ ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆಗಳ ಮೂಳೆಗಳನ್ನು ಪಕ್ಕಪಕ್ಕದಲ್ಲಿ ಬರೆದಳು. ಬೀನ್ಸ್ ಹೆಚ್ಚುತ್ತಿದ್ದ ಅಕ್ಕ ಬಗ್ಗಿ ನೋಡಿ, ಮಣಿಕಟ್ಟಿನಲ್ಲಿ ಎಂಟು ಮೂಳೆ ಇರುತ್ತವೆ, ಆರೇ ಬರೆದಿದ್ದೀಯ ಎಂದು ಪೆನ್ಸಿಲ್ ಕಿತ್ತುಕೊಂಡು ತಿದ್ದಿದಳು. ಆಮೇಲೆ ಉಳಿದೆರಡು ಚಿತ್ರಗಳನ್ನು ಬಹಳ ಹೊತ್ತು ನೋಡಿದಳು.

“ಒಬ್ಬನೇ ಮಾಡಿದ್ದು. ಅದಕ್ಕೇ ಎಲ್ಲಾ ಒಂದೇ ಥರ ಇದೆ.”

ಮೂರೂ ಒಂದೇ ಹಳೆಯ ವಂಶದಿಂದ ಕವಲೊಡೆದವು, ಅದಕ್ಕೆ ಈ ಹೋಲಿಕೆ ಎಂಬುದು ಪುಸ್ತಕದ ಮಾತು ಎಂದು ತಂಗಿ ಮೊದಲಿನಿಂದ ವಿವರಿಸಿದಳು. ಅಕ್ಕ ಏಳದೆ ಕೇಳಿದಳು. ಸಹಿ ಹಾಕುವಾಗ ಪಾಠ ಓದಿರಲಿಲ್ಲ, ಅವರಿವರು ಹೇಳಿದ್ದನ್ನು ನಂಬಿದ್ದೆ ಎಂದು ಒಪ್ಪಿಕೊಂಡಳು. ಪಾಠವನ್ನು ಮಾತ್ರ ಒಪ್ಪಲಿಲ್ಲ.

ಈಗ ಯಾವುದನ್ನು ಬರೆಯಲಿ ಎಂದು ಮಗಳು ಕೇಳಿದಳು.

“ಪುಸ್ತಕದ್ದು ಬರಿ,” ಎಂದಳು ಅಕ್ಕ. “ನಂದು ನನ್ನ ಹತ್ರ ಇರ್ಲಿ.”

ಹುಡುಗಿಗೆ ನಾಲ್ಕು ಅಂಕ ಬಂತು. ಅಕ್ಕ ಸಹಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತಂಗಿ ಕೇಳಲೂ ಇಲ್ಲ. ಆ ವಾರ ಊಟಕ್ಕೆ ಕೂತಾಗ ಇಬ್ಬರೂ ಅದೇ ವಿಷಯಕ್ಕೆ ಮೂರು ಸಲ ವಾದಕ್ಕಿಳಿದರು. ಹುಡುಗಿ ಎರಡು ಸಲ ಅಮ್ಮನ ಕಡೆ, ಒಂದು ಸಲ ಚಿಕ್ಕಮ್ಮನ ಕಡೆ ಮಾತಾಡಿದಳು.