ಶಿರೀಷಾಳ ಬಲಗೈ

ಡಿಸೆಂಬರಿನ ಚಳಿ ಇನ್ನೂ ಇಳಿದಿರಲಿಲ್ಲ, ಆಗಲೇ ಆದೋನಿಯ ಮೈದಾನದ ಸುತ್ತ ಜನ ಜಮಾಯಿಸಿದ್ದರು. ಮೂರು ವರ್ಷದ ಹಿಂದೆ ಈ ಊರಲ್ಲಿ ಸಾಫ್ಟ್‌ಬಾಲ್ ಎಂದಿದ್ದರೆ, ಅದೇನು ಕ್ರಿಕೆಟ್ಟಿನ ತಂಗಿಯೋ ಎಂದು ನಗುತ್ತಿದ್ದರು. ಈಗ ನೋಡಿ, ಚಹಾದಂಗಡಿಯವನೂ ಲೋಟ ತೊಳೆಯುತ್ತ ಗಿರಾಕಿಗಳಿಗೆ ಆಟದ ನಿಯಮ ಹೇಳಿಕೊಡುತ್ತಾನೆ! ಇದಕ್ಕೆಲ್ಲ ಕಾರಣ ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದ ಹುಡುಗಿ ಶಿರೀಷಾ. ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಅವಳು ಚೆಂಡು ಬಿಟ್ಟಳೆಂದರೆ ಬ್ಯಾಟ್ ಹಿಡಿದವಳು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಂದಿನವಳ ಗ್ಲೌಸಿನಲ್ಲಿರುತ್ತಿತ್ತು.

ಅವತ್ತು ಜಿಲ್ಲಾ ಫೈನಲ್. ಆದೋನಿ ತಂಡಕ್ಕೆ ಎದುರು ದೇವನಕೊಂಡ. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು. ದೂರದ ಒಂದು ಡಿಗ್ರಿ ಕಾಲೇಜಿನ ಕ್ರೀಡಾ ನಿರ್ದೇಶಕ ಭೀಮಲಿಂಗಪ್ಪ ಸಾರ್ ಚೆಂಡು ಎಸೆಯುವ ಪಿಚರ್ ಒಬ್ಬಳನ್ನು ಹುಡುಕಿಕೊಂಡು ಬಂದಿದ್ದರು. ಅವರು ಹೂಂ ಅಂದರೆ ಹಾಸ್ಟೆಲ್, ಓದು, ಊಟ ಎಲ್ಲ ಪುಕ್ಕಟೆ. ಅವರು ಹೂಂ ಅನ್ನದಿದ್ದರೆ ಶಿರೀಷಾಳ ಓದು ಇಂಟರಿಗೇ ನಿಲ್ಲುತ್ತಿತ್ತು. ಜೂನಿನಿಂದ ಅವ್ವ ನಾಗಜ್ಯೋತಿಯ ಜೊತೆ ಹೊಲದ ಕೂಲಿಗೆ ಹೋಗಬೇಕಾಗುತ್ತಿತ್ತು.

ಆದರೆ ಆ ಹೊತ್ತಿನಲ್ಲಿ ಶಿರೀಷಾ ಮೈದಾನದ ಗೋಡೆಯ ಹಿಂದೆ ಕಲ್ಲಿನ ಮೇಲೆ ಕೂತಿದ್ದಳು. ಅಪ್ಪ ಮಾರೆಪ್ಪ ಅವಳ ಬಲಭುಜಕ್ಕೆ ನೋವಿನ ಎಣ್ಣೆ ತಿಕ್ಕುತ್ತಿದ್ದ.

"ಅಪ್ಪಾ, ಕೋಚ್ ಮೇಡಂಗೆ ಹೇಳಿಬಿಡ್ತೀನಿ. ಕೈ ಎತ್ತಿದ್ರ ಜೀವ ಹೋದಂಗ ಆಕೈತಿ. ಅಮೂಲ್ಯ ಅದಾಳಲ್ಲ, ಆಕಿ ಚೆಂಡು ಹಾಕ್ಲಿ."

"ಹುಚ್ಚಿ! ಇವತ್ತ ಹೇಳಿದ್ರ ಮುಗೀತು ಕಥಿ. ನೋವು ಅಂದೋರ್ನ ಮತ್ತ ಯಾರು ಕರೀತಾರ? ನಾ ನೋಡಿಲ್ಲೇನು?"

"ಇಪ್ಪತ್ತು ದಿನ ಆತಪ್ಪಾ."

"ಇನ್ನೊಂದಿನ ತಡಕೋ. ಸಾರ್ ಬರಕೊಂಡು ಹೋಗ್ಲಿ, ಆಮ್ಯಾಲ ಒಂದು ತಿಂಗಳು ಮಲಕ್ಕೋ, ಯಾರ್ ಬ್ಯಾಡಂತಾರ?"

ಮಾರೆಪ್ಪ ಕೆಟ್ಟವನಲ್ಲ. ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಹದಿನೆಂಟು ವರ್ಷದಿಂದ ಹಮಾಲಿ. ಅಲ್ಲಿ ದಿನಾ ಬೆಳಿಗ್ಗೆ ಗುಂಪಿನ ಮೇಸ್ತ್ರಿ ಒಬ್ಬೊಬ್ಬರ ಮುಖ ನೋಡಿ "ಹೆಂಗದೀಯೋ?" ಎಂದು ಕೇಳುತ್ತಾನೆ. ಭುಜ ಹಿಡಿದಿದೆ ಎಂದವನನ್ನು ಅವನು ಬೈಯುವುದಿಲ್ಲ. "ಹೋಗಪ್ಪಾ, ಆರಾಮ ಮಾಡು" ಎಂದು ಬೆನ್ನು ತಟ್ಟಿ ಕಳಿಸುತ್ತಾನೆ. ಮರುದಿನ ಅವನ ಜಾಗದಲ್ಲಿ ಬೇರೊಬ್ಬ ಚೀಲ ಹೊರುತ್ತಿರುತ್ತಾನೆ. ಅದಕ್ಕೇ ಯಾರ್ಡಿನಲ್ಲಿ ಯಾರಿಗೂ ನೋವೇ ಇಲ್ಲ! ಮಾರೆಪ್ಪನಿಗಂತೂ ಎಡಭುಜ ಎತ್ತಲು ಬಾರದೆ ಎರಡು ವರ್ಷವಾಗಿತ್ತು. ಆದರೂ ಮೇಸ್ತ್ರಿ ಕೇಳಿದರೆ ಹಲ್ಲು ಕಿರಿದು, "ಏನಾಗಿಲ್ಲಣ್ಣಾ, ಚಲೋ ಐತಿ" ಅನ್ನುತ್ತಿದ್ದ. ತಾನು ಕಲಿತ ವಿದ್ಯೆ ಅದೊಂದೇ. ಅದನ್ನೇ ಮಗಳಿಗೂ ಕೊಟ್ಟಿದ್ದ.

ಆಟ ಶುರುವಾಯಿತು. ಅಬ್ಬಾ, ಏನು ಆಟ! ಮೊದಲ ಮೂವರನ್ನು ಶಿರೀಷಾ ಒಂಬತ್ತೇ ಚೆಂಡಿಗೆ ಮನೆಗೆ ಕಳಿಸಿದಳು. ಸೀಟಿ, ಕೇಕೆ, ಡಬ್ಬ ಬಡಿಯುವ ಸದ್ದು ಮುಗಿಲಿಗೆ ಮುಟ್ಟಿತು. ಮಾರೆಪ್ಪ ಗೆರೆಯುದ್ದಕ್ಕೂ ಓಡಾಡುತ್ತ, "ಹಾಂ, ಹಂಗ! ಇನ್ನಾ ಜೋರು! ಕಾನಿ, ಕಾನಿ!" ಎಂದು ಕನ್ನಡ ತೆಲುಗು ಎರಡರಲ್ಲೂ ಗಂಟಲು ಹರಿದುಕೊಂಡ. ತಂಡದ ಕೋಚ್ ಮಹಾಂತಮ್ಮ ಮೇಡಂ ಎರಡು ಸಲ ತಿರುಗಿ ನೋಡಿದರು.

"ರೀ ಮಾರೆಪ್ಪಾ, ಕೋಚ್ ನಾನೋ ನೀವೋ?"

"ನೀವೇ ಮೇಡಂ, ನೀವೇ! ನಾ ಬರೇ ಕೂಗಾಕ ಬಂದೀನಿ."

ದೇವನಕೊಂಡದ ಹುಡುಗಿಯರೂ ಕಡಿಮೆಯವರಲ್ಲ. ನಾಲ್ಕನೇ ಸುತ್ತಿನ ಹೊತ್ತಿಗೆ ಶಿರೀಷಾಳ ಚೆಂಡಿನ ವೇಗ ಇಳಿಯಿತು, ಅವರು ಹೊಡೆಯತೊಡಗಿದರು. ಒಂದು ರನ್, ಎರಡು, ಮೂರು. ಏಳನೆಯದೇ ಕೊನೆಯ ಸುತ್ತು. ಅದಕ್ಕೆ ಬರುವಾಗ ಆದೋನಿ ನಾಲ್ಕು, ದೇವನಕೊಂಡ ಮೂರು. ಇನ್ನು ಮೂವರು ಔಟಾದರೆ ಕಪ್ ನಮ್ಮದು. ಮೈದಾನದ ಸುತ್ತ ಒಬ್ಬರೂ ಕೂತಿರಲಿಲ್ಲ.

ಒಬ್ಬಳು ಹೇಗೋ ಔಟಾದಳು. ಆಗ ಭೀಮಲಿಂಗಪ್ಪ ಸಾರ್ ಗೆರೆಯ ಹತ್ತಿರ ಬಂದು ನಿಂತು, "ಏನಮ್ಮಾ, ಕೈಗೇನಾದ್ರೂ ಆಗೇತೇನು?" ಎಂದು ಕೇಳಿದರು.

ಶಿರೀಷಾ ಹಲ್ಲು ಕಿರಿದಳು. "ಏನಾಗಿಲ್ಲ ಸಾರ್, ಚಲೋ ಐತಿ."

ಪಕ್ಕದಲ್ಲೇ ನಿಂತಿದ್ದ ಮಾರೆಪ್ಪನ ಕೂಗು ಬಾಯಲ್ಲೇ ಉಳಿಯಿತು. ಅದೇ ಮಾತು. ಅದೇ ನಗು. ಆ ನಗುವಿನ ಹಿಂದೆ ಏನಿರುತ್ತದೆಂದು ಆ ಮೈದಾನದಲ್ಲಿ ಅವನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಹದಿನೇಳು ವರ್ಷದ ಹುಡುಗಿ! ಶಿರೀಷಾ ತಿರುಗಿ ಹೋಗಿ ಮುಂದಿನ ಚೆಂಡು ಬಿಟ್ಟಳು. ಚೆಂಡು ಎತ್ತಲೋ ಹೋಯಿತು, ಅವಳ ಬಲಗೈ ಇಳಿಬಿತ್ತು.

ಮಾರೆಪ್ಪ ಗೆರೆ ದಾಟಿ ಒಳಗೆ ಓಡಿದ. ಅಂಪೈರ್ ಆಟ ನಿಲ್ಲಿಸಿ ಅವನಿಗೆ ಅಡ್ಡ ಬಂದ. ಸುತ್ತಲಿನ ಜನ, "ಏಯ್, ಯಾರಪ್ಪಾ ಅಂವಾ? ಹೊರಗ ಕಳಿಸ್ರಿ!" ಎಂದು ಕಿರುಚಿದರು.

"ಮೇಡಂ, ಆಕಿ ಭುಜ ಹೋಗೈತ್ರಿ. ಇಪ್ಪತ್ತು ದಿನದಿಂದ ಹೋಗೈತಿ. ನಾನ ಮುಚ್ಚಿಟ್ಟೀನಿ. ಆಕೀನ್ನ ಹೊರಗ ಕರೀರಿ."

ಮಹಾಂತಮ್ಮ ಮೇಡಂ ಒಂದು ಕ್ಷಣ ಅವನನ್ನು ದುರುಗುಟ್ಟಿ ನೋಡಿದರು. "ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ" ಎಂದವರೇ, ದೂರದಲ್ಲಿ ಫೀಲ್ಡ್ ಮಾಡುತ್ತಿದ್ದ ಅಮೂಲ್ಯಳನ್ನು ಕರೆದು ಚೆಂಡು ಅವಳ ಕೈಗಿಟ್ಟರು.

ಹೊರಗೆ ಬಂದ ಶಿರೀಷಾ ಅಪ್ಪನ ಮೇಲೆ ಉರಿದುಬಿದ್ದಳು. "ಹೇಳಬ್ಯಾಡ ಹೇಳಬ್ಯಾಡ ಅಂದಾಂವ ನೀನ! ಎಲ್ಲಾರ ಮುಂದ ಈಗ ನೀನ ಹೇಳಿದಿ! ಇನ್ನಿಬ್ರು ಇದ್ರಲ್ಲಪ್ಪಾ, ಇಬ್ರ! ಸೀಟು ಹೋತು, ಎಲ್ಲಾ ಹೋತು!"

"ಹೋಗ್ಲೇಳವ್ವಾ."

"ಏನ್ ಹೋಗ್ಲಿ?"

ಅಷ್ಟರಲ್ಲಿ ಭೀಮಲಿಂಗಪ್ಪ ಸಾರ್ ಬಂದು ಅವಳ ಭುಜದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅವಳು ತುಟಿ ಕಚ್ಚಿದಳು.

"ಸಾರ್, ತಪ್ಪು ನಂದ್ರಿ. ಆಕಿ ಹೇಳ್ತೀನಿ ಅಂದ್ಲು" ಎಂದ ಮಾರೆಪ್ಪ.

"ಇವತ್ತೇ ಡಾಕ್ಟ್ರಿಗೆ ತೋರಿಸ್ರಿ" ಎಂದರು ಸಾರ್. "ಅವರು ಹೇಳೋ ತನಕ ಚೆಂಡು ಮುಟ್ಟಬಾರದು. ವಾಸಿ ಆದಮೇಲೆ ನಮ್ಮ ಕಾಲೇಜಿಗೆ ಕರ್ಕೊಂಡ್ ಬರ್ರಿ, ಮತ್ತೊಮ್ಮೆ ನೋಡ್ತೀನಿ. ಸೀಟು ಕೊಟ್ಟೇ ಕೊಡ್ತೀನಿ ಅಂತ ಈಗ ಹೇಳಲಾರೆ. ಮುರಿದ ಕೈ ತಗೊಂಡು ಹೋಗಿ ಏನ್ ಮಾಡ್ಲಿ? ಹಂಗೆ ಹಾಳಾದ ಮೂವರನ್ನ ನೋಡೀನಿ."

ಅತ್ತ ಅಮೂಲ್ಯ ಚೆಂಡನ್ನು ಮತ್ತೆ ಮತ್ತೆ ಅಂಗಿಗೆ ಒರೆಸುತ್ತಿದ್ದಳು. ಪೆದ್ದಹರಿವಾಣಂನಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಇಷ್ಟು ಜನರ ಮುಂದೆ ಅವಳು ಎಂದೂ ಪಿಚ್ ಮಾಡಿರಲಿಲ್ಲ. ಅವಳ ಮೊದಲ ಎರಡು ಚೆಂಡೂ ದಿಕ್ಕುತಪ್ಪಿದವು. ಜನ ಉಫ್ ಎಂದರು. ಆಗ ಶಿರೀಷಾ ಎಡಗೈಯಲ್ಲಿ ಕಣ್ಣೊರೆಸಿಕೊಂಡು ಗೆರೆಯ ಹತ್ತಿರ ಬಂದು ನಿಂತಳು.

"ಅಮೂಲ್ಯಾ! ಆಕಿಗೆ ಕೆಳಗ ಹಾಕು! ಕೆಳಗಿಂದು ಆಕಿಗೆ ಹೊಡ್ಯಾಕ ಬರಂಗಿಲ್ಲ!"

ಅಮೂಲ್ಯ ಕೆಳಗೆ ಹಾಕಿದಳು. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ನೇರ ಮೇಲೆ ಹಾರಿ, ತಿರುಗಿ ಅವಳ ಗ್ಲೌಸಿಗೇ ಬಂದು ಬಿತ್ತು. ಎರಡನೆಯವಳೂ ಔಟ್! ಇನ್ನು ಒಬ್ಬಳೇ, ಮೂರು ಚೆಂಡು ಬ್ಯಾಟಿಗೆ ಸಿಗದೆ ಹೋದರೆ ಅವಳೂ ಔಟ್. ಒಂದು ಸ್ಟ್ರೈಕ್. ಎರಡು. ಮಾರೆಪ್ಪನಿಗೆ ತಡೆಯಲಾಗಲಿಲ್ಲ. ಅಮೂಲ್ಯಳ ಕಡೆಯವರು ಯಾರೂ ಅಲ್ಲಿರಲಿಲ್ಲ. ಅವರು ಕೂಗಬೇಕಾದ್ದನ್ನೂ ಇವನೇ ಕೂಗಿದ. "ಹೆದರಬ್ಯಾಡ ತಂಗೀ! ಹಾಕು, ನಾವದೀವಿ!"

ಮೂರನೇ ಸ್ಟ್ರೈಕ್!

ಜನ ಒಳಗೆ ನುಗ್ಗಿದರು. ಹುಡುಗಿಯರು ಅಮೂಲ್ಯಳನ್ನು ಎತ್ತಿ ಕುಣಿದರು. ಒಬ್ಬಳು ಓಡಿಬಂದು ಶಿರೀಷಾಳ ಕೈ ಹಿಡಿದೆಳೆಯಲು ಹೋದಾಗ ಮಾರೆಪ್ಪ ನಡುವೆ ನಿಂತು, "ಆ ಕೈ ಬ್ಯಾಡವ್ವಾ, ಈ ಕೈ ಹಿಡಿ" ಎಂದ. ಶಿರೀಷಾ ಕುಣಿದಳು, ಅತ್ತಳು, ನಕ್ಕಳು, ಮತ್ತೆ ಅತ್ತಳು. ಭೀಮಲಿಂಗಪ್ಪ ಸಾರ್ ಅಮೂಲ್ಯಳ ಹೆಸರು ಕೇಳಿ ಬರೆದುಕೊಳ್ಳುವುದನ್ನು ಅಪ್ಪ ಮಗಳು ಇಬ್ಬರೂ ನೋಡಿದರು.

ಆಸ್ಪತ್ರೆಗೆಂದು ಆಟೋ ಹತ್ತಿದರು. ದಾರಿಯಲ್ಲಿ ಅವಳು ಅವನ ಕಡೆ ನೋಡಲೇ ಇಲ್ಲ. ಆಟೋ ಗುಂಡಿಗೆ ಇಳಿದು ಕುಲುಕಿದಾಗ ಅವಳ ಮುಖ ಕಿವುಚಿಕೊಂಡಿತು.

"ಹೆಂಗೈತವ್ವಾ?" ಎಂದು ಹೆದರುತ್ತಲೇ ಕೇಳಿದ ಮಾರೆಪ್ಪ.

ಶಿರೀಷಾ ಅವನ ತೋಳಿಗೆ ತಲೆ ಆನಿಸಿ, ಚಿಕ್ಕ ಮಗುವಿನ ಹಾಗೆ ಬಿಕ್ಕಿದಳು.

"ಬಾಳ ನೋಯ್ತೈತಪ್ಪಾ."

"ಹೇಳವ್ವಾ" ಎಂದ ಮಾರೆಪ್ಪ. "ಎಲ್ಲೆಲ್ಲಿ ನೋಯ್ತೈತಿ, ಎಲ್ಲಾ ಹೇಳು."